ಐದು ಮನೆಗೆ ಕೊಂಚ ಕೆಳಗೆ

ಅಮ್ಮನ ತಂಬೂರಿ ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದ್ದು ಸುಮ್ನೆ, ಹಾಡು ಮಾಡಬೇಕು ಅಂತಲ್ಲ. ಅವಳು ಹೋಗಿ ಐದು ತಿಂಗಳಾಗಿತ್ತು. ಮೈಸೂರಿನ ಮನೆಯಲ್ಲಿ ದೇವರ ಕೋಣೆ ಪಕ್ಕದ ಗೂಡಲ್ಲಿ ಪೆಟ್ಟಿಗೆ ಹಾಗೇ ಕೂತಿತ್ತು. ಮೇಲೆ ಅವಳೇ ಹಳೇ ರವಿಕೆ ಕಣದಲ್ಲಿ ಹೊಲಿದ ಮುಸುಕು. ಸ್ವಿಚ್ ಒತ್ತಿದೆ. ಪ ಸ ಸ ಸ ಅಂತ ಶುರುವಾಯಿತು, ಏನೂ ಆಗಿಲ್ಲ ಅನ್ನೋ ಹಾಗೆ.

ಅಭ್ಯಾಸಬಲ ನೋಡಿ, ತಕ್ಷಣ ಟ್ಯೂನರ್ ತೆರೆದೆ. ಅಮ್ಮನದು ಐದು ಮನೆ ಶ್ರುತಿ. ಹಾಡುವವರು ಶ್ರುತಿಯ ಎತ್ತರವನ್ನು ಮನೆಗಳಲ್ಲಿ ಹೇಳುತ್ತಾರೆ. ಕೀಬೋರ್ಡ್ ಭಾಷೆಯಲ್ಲಿ ಅದು ಜಿ, 196 ಹರ್ಟ್ಜ್. ಪರದೆ ಮೇಲೆ ಬಂದಿದ್ದು 191.7. ಅಂದರೆ 38 ಸೆಂಟ್ ಕಡಿಮೆ. ಅಕ್ಕಪಕ್ಕದ ಎರಡು ಕೀಗಳ ನಡುವೆ 100 ಸೆಂಟ್ ಇರುತ್ತದೆ. ಹಾಗಾಗಿ ಇದು ಐದು ಮನೆಯೂ ಅಲ್ಲ, ನಾಲ್ಕೂವರೆಯೂ ಅಲ್ಲ.

ಆಗ ನೆನಪಾಯಿತು. ಕಡೆಯ ಎರಡು ವರ್ಷ ಅವಳಿಗೆ ಶ್ವಾಸಕೋಶದ ತೊಂದರೆ. ಮೇಲಿನ ಷಡ್ಜಕ್ಕೆ ಉಸಿರು ಸಾಲುತ್ತಿರಲಿಲ್ಲ. ಶ್ರುತಿ ಇಳಿಸಿ ಹಾಡು ಅಂದರೆ ಕೇಳುತ್ತಿರಲಿಲ್ಲ. ಆದರೆ ಯಾರೂ ಇಲ್ಲದಾಗ ಪೆಟ್ಟಿಗೆಯ ಶ್ರುತಿ ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸುತ್ತಿದ್ದಳು. ಒಂದು ಸಲ ನನ್ನ ಕೈಗೆ ಸಿಕ್ಕಿಬಿದ್ದಳು. "ನಾನೇನೂ ಇಳಿಸಿಲ್ಲ, ಪೆಟ್ಟಿಗೆಗೆ ವಯಸ್ಸಾಯ್ತು" ಅಂದಳು.

ಆ ತಿರುಪನ್ನು ನಾನು ಮುಟ್ಟಲಿಲ್ಲ. ಅರ್ಧ ಗಂಟೆ ರೆಕಾರ್ಡ್ ಮಾಡಿಕೊಂಡು, ಮುಸುಕು ಹಾಕಿ ವಾಪಸ್ ಇಟ್ಟೆ. ಮುಂದೆ ಇಡೀ ಆಲ್ಬಂ ಆ 38 ಸೆಂಟಿನ ಮೇಲೆ ನಿಲ್ಲುತ್ತೆ ಅಂತ ಆವತ್ತು ಗೊತ್ತಿರಲಿಲ್ಲ.

ನನ್ನ ಕೆಲಸವನ್ನು ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಜಾಹೀರಾತುಗಳಿಗೆ, ಆಪ್‌ಗಳಿಗೆ ಸದ್ದು ಮಾಡಿಕೊಡುತ್ತೇನೆ. ಮೆಸೇಜ್ ಬಂದಾಗ ಟಿಣ್, ತಪ್ಪು ಒತ್ತಿದರೆ ಡುಪ್. ಅಮ್ಮನಿಗೆ ಇದು ಸಂಗೀತವೇ ಅಲ್ಲ. "ಮೆಷೀನ್ ಹಾಡೋದಕ್ಕೆ ನೀನ್ಯಾಕೆ ಬೇಕು?" ಅನ್ನುತ್ತಿದ್ದಳು. ನಿನ್ನ ತಂಬೂರಿಯೂ ಮೆಷೀನೇ ಅಲ್ವಾ, ಎಲೆಕ್ಟ್ರಾನಿಕ್ ತಂಬೂರಿ ಮಾಡೋಕೆ ಶುರು ಮಾಡಿದ್ದೇ ನಮ್ಮ ಬೆಂಗಳೂರಿನವರು ಅಂತ ನಾನು. 1982ರಲ್ಲೇ ಮುಂಬೈನ ಚರಣ್‌ಜಿತ್ ಸಿಂಗ್ ರೋಲ್ಯಾಂಡ್ ಕಂಪನಿಯ ಡ್ರಮ್ ಯಂತ್ರ ಟಿಆರ್-808, ಬೇಸ್ ಯಂತ್ರ ಟಿಬಿ-303 ಇಟ್ಟುಕೊಂಡು ಹತ್ತು ರಾಗಗಳ ಎಲ್‌ಪಿ ಮಾಡಿದ್ದರು ಅಂತಲೂ ಹೇಳಿ, ಕೇಳಿಸಿದ್ದೆ. ಎರಡು ನಿಮಿಷ ಕೇಳಿ, "ರಾಗ ಸರಿಯಾಗಿದೆ. ಆದರೆ ಉಸಿರೇ ತಗೊಳ್ಳಲ್ವಲ್ಲ ಅದು" ಅಂದಿದ್ದಳು.

ಅಮ್ಮ ಹೋಗಿದ್ದು 2022ರ ಆಗಸ್ಟಲ್ಲಿ. ಡಿಸೆಂಬರಿನಲ್ಲಿ ಅವನು ನನ್ನನ್ನು ಬಿಟ್ಟು ಹೋದ. ಐದು ವರ್ಷದ ಜೊತೆ. ಅವನನ್ನು ಕೆಟ್ಟವನು ಮಾಡೋದು ಸುಲಭ, ಆದರೆ ಸುಳ್ಳಾಗುತ್ತೆ. ನಾಲ್ಕು ತಿಂಗಳು ನಾನು ಮನೆಯಲ್ಲಿ ಸರಿಯಾಗಿ ಮಾತೇ ಆಡಿರಲಿಲ್ಲ. ಊಟಕ್ಕೆ ಏನು ಅಂದರೆ ಏನೋ ಒಂದು ಅನ್ನುತ್ತಿದ್ದೆ. ಒಂದು ಭಾನುವಾರ ಅವನು, "ನಾನು ಇಲ್ಲಿದ್ದೀನಿ ಅಂತಾದ್ರೂ ಗೊತ್ತಾ ನಿಂಗೆ?" ಅಂದ. ಉತ್ತರ ಕೊಡೋದು ತಡವಾಯಿತು. ಅಷ್ಟೇ. ಅರ್ಧರ್ಧ ದುಡ್ಡು ಹಾಕಿ ಕೊಂಡಿದ್ದ ಸ್ಟುಡಿಯೋ ಸ್ಪೀಕರ್ ಜೋಡಿಯನ್ನು ನಾನೇ ಇಟ್ಟುಕೊಂಡೆ. ಅವನ ಪಾಲನ್ನು ಮೂರು ಕಂತಿನಲ್ಲಿ ಕಟ್ಟಿದೆ.

ಅವನ ಮೇಲೆ ಮೂರು ವಾರಕ್ಕೆ ಏಳು ಹಾಡು ಬಂದವು. ಎಲ್ಲವೂ 120 ಬಿಪಿಎಂ (ನಿಮಿಷಕ್ಕೆ 120 ಎಣಿಕೆ), ಎಲ್ಲದರಲ್ಲೂ 'ನೀನು', ಎಲ್ಲದಕ್ಕೂ ಒಳ್ಳೆ ಬೇಸ್. ರಾತ್ರಿ ಹತ್ತಕ್ಕೆ ಕೂತರೆ ಬೆಳಗಿನ ಜಾವಕ್ಕೆ ಹಾಡು ರೆಡಿ. ನಾನು ಬರೆಯಬಲ್ಲೆ, ದುಃಖ ನನ್ನನ್ನು ಕಲಾವಿದೆ ಮಾಡಿದೆ ಅಂತೆಲ್ಲ ಬೀಗಿದೆ. ಒಂದು ತಿಂಗಳು ಬಿಟ್ಟು ಕೇಳಿದರೆ ಹಾಡೇ ಅಲ್ಲ, ತಾಳ ಹಾಕಿಕೊಂಡು ಬರೆದ ದೂರು ಅರ್ಜಿ. ಕೆಲವು ಸಾಲು ಚೆನ್ನಾಗಿದ್ದವು. ಆದರೆ ಪ್ರತಿ ಸಾಲೂ ಅವನು ಕೇಳಿಸಿಕೊಳ್ಳಲಿ, ಕೇಳಿ ಒದ್ದಾಡಲಿ ಅಂತ ಕಾಯುತ್ತಾ ಕೂತಿತ್ತು.

ಪ್ರೀತಿ ಮುರಿದ ಹಾಡಿಗೆ ವಿಳಾಸ ಇರುತ್ತದೆ. ಅಮ್ಮನ ಹಾಡಿಗೆ ವಿಳಾಸವೇ ಇಲ್ಲ. ಎಷ್ಟು ಕೂತರೂ ಒಂದು ಸಾಲು ಹುಟ್ಟಲಿಲ್ಲ. ಇನ್ನೊಂದು ಕಷ್ಟ ಅಂದರೆ, ಕನ್ನಡದ ಹಾಡಲ್ಲಿ 'ಅಮ್ಮಾ' ಅಂದ ಕೂಡಲೇ ನಮ್ಮ ಕಿವಿ ಸಿನಿಮಾ ಕಡೆ ಓಡುತ್ತದೆ. ಪಿಟೀಲು ತಾನಾಗಿ ಅಳೋಕೆ ಶುರು ಮಾಡುತ್ತದೆ. ಆ ಪದ ಆಲ್ಬಂನಲ್ಲೇ ಬರಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದೆ. ಬರಲೂ ಇಲ್ಲ.

ದಾರಿ ಸಿಕ್ಕಿದ್ದು ಹಳೇ ಫೋನಿನಲ್ಲಿ. 4 ನಿಮಿಷ 12 ಸೆಕೆಂಡಿನ ಒಂದು ರೆಕಾರ್ಡಿಂಗ್. ಪಕ್ಕದ ಮನೆ ಹುಡುಗನಿಗೆ ಅಮ್ಮ ಮಾಯಾಮಾಳವಗೌಳದಲ್ಲಿ ಮೊದಲ ಸರಳೆ ವರಸೆ ಹೇಳಿಕೊಡುತ್ತಿದ್ದಾಳೆ. ಸ ರಿ ಗ ಮ, ಆಮೇಲೆ ಪ ಹತ್ತಿರ ನಿಲ್ಲುತ್ತಾಳೆ. ಉಸಿರು ತಗೊಳ್ಳುತ್ತಾಳೆ. ಹುಡುಗ ಕಾಯುತ್ತಾನೆ. ಅವನು ಸ್ವರದ ಜೊತೆ ಆ ನಿಲುಗಡೆಯನ್ನೂ ಕಲಿತುಬಿಟ್ಟಿದ್ದಾನೆ, ತನ್ನ ಸರದಿ ಬಂದಾಗ ಅವನೂ ಪ ಹತ್ತಿರ ನಿಂತು ಉಸಿರೆಳೆಯುತ್ತಾನೆ. ಅಮ್ಮ ನಗುತ್ತಾಳೆ, ನಕ್ಕು ಕೆಮ್ಮುತ್ತಾಳೆ.

ಇದರ ಹಿಂದೆ ಇನ್ನೊಂದು ಸದ್ದಿದೆ. ಆಕ್ಸಿಜನ್ ಕಾನ್ಸಂಟ್ರೇಟರ್. 2021ರ ಎರಡನೇ ಅಲೆಯಲ್ಲಿ ಊರಿಗೆಲ್ಲ ಬಾಯಿಪಾಠವಾದ ಪದ. ಗಾಳಿಯಲ್ಲಿ ನೂರಕ್ಕೆ 78 ಪಾಲು ನೈಟ್ರೋಜನ್, ಅದನ್ನು ಹಿಡಿದುಕೊಂಡು ಉಳಿದ ಆಕ್ಸಿಜನ್ ಕೊಡುವ ಯಂತ್ರ. ಒಳಗೆ ಜಿಯೋಲೈಟ್ ಹರಳು ತುಂಬಿದ ಎರಡು ಸಿಲಿಂಡರ್. ಒಂದು ಗಾಳಿ ಸೋಸುವಾಗ ಇನ್ನೊಂದು ತಾನು ಹಿಡಿದ ನೈಟ್ರೋಜನನ್ನು ಹೊರಗೆ ಬಿಡುತ್ತದೆ. ಆಮೇಲೆ ಅದಲುಬದಲು. ಬದಲಾಗುವಾಗ ಒಂದು 'ಟಕ್', ಹಿಂದೆಯೇ 'ಶ್ಶ್ಶ್'. ಹದಿನಾಲ್ಕು ತಿಂಗಳು ಹಗಲೂ ರಾತ್ರಿ ಆ ಸದ್ದಿನಲ್ಲಿ ಬದುಕಿದ್ದೆವು. ಮೂರನೇ ದಿನದಿಂದ ಕಿವಿಗೆ ಬೀಳುವುದೇ ನಿಂತಿತ್ತು.

ಮೊದಲು ಅದನ್ನು ತೆಗೆದುಹಾಕೋಣ ಅಂತಲೇ ಹೊರಟೆ. ಅಮ್ಮನ ದನಿ ಮಾತ್ರ ಸಾಕಿತ್ತು. ನಾಯ್ಸ್ ತೆಗೆಯುವ ಪ್ಲಗಿನ್‌ಗೆ, ಯಾರೂ ಮಾತಾಡದ ಒಂದು ತುಣುಕು ತೋರಿಸಿ 'ಇದು ಗಲಾಟೆ, ಇದನ್ನು ಕಳೆ' ಅಂದರೆ ಉಳಿದ ಕಡೆಯಿಂದೆಲ್ಲ ಅದನ್ನು ಕಳೆಯುತ್ತದೆ. ಕಳೆಯಿತು. ಟಕ್ ಹೋಯಿತು, ಶ್ಶ್ ಹೋಯಿತು. ಜೊತೆಗೆ ಅಮ್ಮ ಉಸಿರೆಳೆಯುವ ಸದ್ದೂ ಹೋಯಿತು. ಯಂತ್ರದ ಗಾಳಿ, ಎದೆಯ ಗಾಳಿ, ಪ್ಲಗಿನ್‌ಗೆ ಎರಡೂ ಒಂದೇ. ಉಳಿದದ್ದು ಆರೋಗ್ಯವಂತೆಯೊಬ್ಬಳು ಯಾಕೋ ಪ ಹತ್ತಿರ ಸುಮ್ಮನೆ ನಿಲ್ಲುವ ಪಾಠ. ಹಿಂದಕ್ಕೆ, ಹಿಂದಕ್ಕೆ, ಹಿಂದಕ್ಕೆ ಅಂತ ಒತ್ತಿ ಎಲ್ಲವನ್ನೂ ವಾಪಸ್ ತಂದೆ.

ಬೇಡ ಅಂದದ್ದನ್ನೇ ಆಮೇಲೆ ಅಳೆದೆ. ಟಕ್‌ನಿಂದ ಟಕ್‌ಗೆ ಹೆಚ್ಚೂಕಡಿಮೆ ಆರು ಸೆಕೆಂಡ್. ಆರು ಸೆಕೆಂಡಿಗೆ ಎಂಟು ಎಣಿಕೆ ಹಾಕಿದರೆ 80 ಬಿಪಿಎಂ. ಎಂಟು ಎಣಿಕೆ ಅಂದರೆ ಆದಿತಾಳದ ಒಂದು ಆವರ್ತ. ನಮ್ಮ ಮನೆಯ ಮೂಲೆಯಲ್ಲಿ ಆ ಯಂತ್ರ ಹದಿನಾಲ್ಕು ತಿಂಗಳು ಆದಿತಾಳ ಹಾಕುತ್ತಾ ಕೂತಿತ್ತು. ಸಂಗೀತದ ಮೂರು ಜನರ ಮನೆ, ಒಬ್ಬರಿಗೂ ಗೊತ್ತಾಗಲಿಲ್ಲ. (ಮೂರನೆಯವರು ಅಪ್ಪ. ಹಾಡಲ್ಲ. ಆದರೆ ಕಛೇರಿಯಲ್ಲಿ ತೊಡೆ ಮೇಲೆ ತಾಳ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ.)

ಅವತ್ತಿನಿಂದ ಕೆಲಸ ಒಂದು ಹದಕ್ಕೆ ಬಂತು. ಶ್ರುತಿ ಪೆಟ್ಟಿಗೆಯಿಂದ, ಲಯ ಯಂತ್ರದಿಂದ. 'ಶ್ರುತಿ ಮಾತಾ ಲಯಃ ಪಿತಾ' ಅಂತ ಅಮ್ಮ ಹೊಸ ಮಕ್ಕಳಿಗೆಲ್ಲ ಹೇಳುತ್ತಿದ್ದಳು. ಕೇಳಿ ಕೇಳಿ ನನಗೆ ಬೇಜಾರು ಬಂದಿತ್ತು. ಯಂತ್ರದ ಬಾಟಲಿಗೆ ದಿನಾ ಡಿಸ್ಟಿಲ್ಡ್ ವಾಟರ್ ತುಂಬುತ್ತಿದ್ದದ್ದು, ಫಿಲ್ಟರ್ ತೊಳೆದು ಒಣಗಿಸುತ್ತಿದ್ದದ್ದು ಅಪ್ಪ.

ಟ್ಯೂನಿಂಗ್ ಕೆಲಸ ಮಾತ್ರ ಕೈ ಸೋಲಿಸಿತು. ಪೆಟ್ಟಿಗೆಯ ಸದ್ದನ್ನೇ 38 ಸೆಂಟ್ ಮೇಲೆತ್ತಿದ್ದರೆ ಒಂದು ನಿಮಿಷದ ಕೆಲಸ. ಎತ್ತೋಕೆ ಮನಸ್ಸಾಗಲಿಲ್ಲ. ಹಾಗಾಗಿ ಉಳಿದದ್ದೆಲ್ಲ ಕೆಳಗಿಳಿಯಬೇಕು. ಪ್ರತಿ ಸಿಂತ್, ಪ್ರತಿ ಬೇಸ್, ಪ್ರತಿ ಪ್ಯಾಡ್ ತೆರೆದು ಫೈನ್ ಟ್ಯೂನ್‌ನಲ್ಲಿ ಮೈನಸ್ 38 ಹಾಕುತ್ತಾ ಹೋದೆ. 440 ಇರಬೇಕಾದ ಎ ಸ್ವರ 430ಕ್ಕೆ ಬಂದು ನಿಂತಿತು. ಇಂಟರ್ನೆಟ್ಟಲ್ಲಿ 432ರ ಭಕ್ತರಿದ್ದಾರೆ, ಆ ಶ್ರುತಿ ಮನಸ್ಸಿಗೆ ಶಾಂತಿ ಕೊಡುತ್ತದಂತೆ. ಅದಕ್ಕೆ ಆಧಾರ ಏನೂ ಇಲ್ಲ ಬಿಡಿ. ನಮ್ಮದು ಶಾಂತಿಗೂ ಎರಡು ಹರ್ಟ್ಜ್ ಕಮ್ಮಿ.

ಒಂದು ಹಾಡಿಗೆ ಪಿಟೀಲು ನುಡಿಸಲು ಅಮ್ಮನ ಶಿಷ್ಯೆಯನ್ನು ಕರೆದೆ. ಹೆಡ್‌ಫೋನ್ ಹಾಕಿಕೊಂಡು ಬಿರಡೆ ತಿರುಗಿಸುತ್ತಾ, "ಅಕ್ಕ, ಇದ್ಯಾವ ಶ್ರುತಿ? ಐದೂ ಅಲ್ಲ, ನಾಲ್ಕೂವರೆನೂ ಅಲ್ಲ" ಅಂದಳು. ಆಮೇಲೆ ಕೈ ನಿಲ್ಲಿಸಿ, "ಮಿಸ್‌ದು ಅಲ್ವಾ ಇದು?" ಅಂದಳು. ಹೂಂ ಅಂದೆ. ಮತ್ತೇನೂ ಕೇಳಲಿಲ್ಲ. ಎರಡೇ ಟೇಕಿಗೆ ಮುಗಿಸಿ, ಕಾಫಿ ಕುಡಿದು ಹೋದಳು.

ನನ್ನ ಹಾಡಿಕೆ ರೆಕಾರ್ಡ್ ಮಾಡಿದ್ದು ಅಮ್ಮನ ಬೀರುವಿನ ಮುಂದೆ. ಇದರಲ್ಲಿ ಭಾವುಕತೆ ಏನೂ ಇಲ್ಲ. ಮೈಸೂರು ಮನೆಯ ಕೋಣೆಗಳಲ್ಲಿ ಗೋಡೆಯಿಂದ ಗೋಡೆಗೆ ದನಿ ಹೊಡೆದು ವಾಪಸ್ ಬರುತ್ತದೆ. ಬಟ್ಟೆ ಅದನ್ನು ನುಂಗುತ್ತದೆ. ಬೀರು ತೆರೆದು ಸೀರೆಗಳಿಗೆ ಮುಖ ಕೊಟ್ಟು ಹಾಡಿದರೆ ಸ್ಟುಡಿಯೋದಷ್ಟೇ ಒಣ ದನಿ ಸಿಗುತ್ತದೆ. ಕಬ್ಬಿಣದ ಬಾಗಿಲು ಮಾತ್ರ ಒಂದು ಸ್ವರಕ್ಕೆ ಗುಂಯ್ ಅನ್ನುತ್ತಿತ್ತು. ಅದಕ್ಕೆ ಎರಡು ರೇಷ್ಮೆ ಸೀರೆ ಬಿಚ್ಚಿ ಬಾಗಿಲ ಮೇಲೂ ಇಳಿಬಿಟ್ಟೆ. ನುಸಿಗುಳಿಗೆ ವಾಸನೆಗೆ ನಾಲ್ಕನೇ ಟೇಕಿನ ಹೊತ್ತಿಗೆ ಗಂಟಲು ಕೆರೆಯುತ್ತಿತ್ತು. ಹಾಗಾಗಿ ಯಾವ ಹಾಡಿಗೂ ಮೂರಕ್ಕಿಂತ ಜಾಸ್ತಿ ಟೇಕ್ ಇಲ್ಲ. ಕೇಳಿದವರು 'ದನಿಯಲ್ಲಿ ಎಷ್ಟು ನೋವಿದೆ' ಅಂತಾರೆ. ಅರ್ಧ ನುಸಿಗುಳಿಗೆ.

ಏಳು ದೂರು ಅರ್ಜಿಗಳಲ್ಲಿ ಐದನ್ನು ತೆಗೆದೆ. ಉಳಿದ ಎರಡನ್ನು 80ಕ್ಕೆ ಇಳಿಸಿ ನೋಡಿದೆ. ನಿಧಾನ ಮಾಡಿದ ಕೂಡಲೇ ಸಾಲುಗಳ ನಡುವೆ ಜಾಗ ಬಂತು, ಆ ಜಾಗದಲ್ಲಿ ನನ್ನ ತಪ್ಪುಗಳೂ ಕೇಳಿಸತೊಡಗಿದವು. ಎರಡನೇ ಹಾಡಲ್ಲಿ 'ನೀನು' ಇದ್ದ ಕಡೆಯಲ್ಲೆಲ್ಲ 'ನಾನು' ಹಾಕಿ ಹಾಡಿದೆ. ಒಂದೇ ಒಂದು ಪದದ ಬದಲಾವಣೆ. ಹಾಡಿ ಮುಗಿಸಿ ಬೀರು ಬಾಗಿಲು ಮುಚ್ಚಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅಮ್ಮನ ಬಗೆಗಿನ ಹಾಡುಗಳಿಗೆ ಕೊನೆಗೂ ಮಾತು ಬಂದದ್ದು ಅವಳನ್ನು ಬಿಟ್ಟು ಅಪ್ಪನ ಬಗ್ಗೆ ಬರೆದಾಗ. ಹಾಡಿನ ಹೆಸರೇ 'ಡಿಸ್ಟಿಲ್ಡ್ ವಾಟರ್'.

ಐದು ಲೀಟರಿನ ಕ್ಯಾನು, ಸ್ಕೂಟರಿನ ಮುಂದೆ
ನೀರಿಗೆಂದು ಹೋದವರು ತಡವಾಗಿ ಬಂದರು

ಇಷ್ಟೇ ಪಲ್ಲವಿ. ಯಾಕೆ ತಡವಾಯಿತು ಅಂತ ಹಾಡು ಹೇಳಲ್ಲ. ಇಲ್ಲೂ ಹೇಳಲ್ಲ.

ಇನ್ನು ಮಿಕ್ಸಿಂಗ್, ಅಂದರೆ ಎಲ್ಲ ಸದ್ದನ್ನೂ ಹದವಾಗಿ ಬೆರೆಸುವ ಕೆಲಸ. ನಾನೇ ಮಾಡಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಕಿವಿ ಸತ್ತುಹೋಗಿತ್ತು. ಬೆಂಗಳೂರಿನ ಒಂದು ಸ್ಟುಡಿಯೋಗೆ ಕೊಟ್ಟೆ. ಹದಿನೈದು ದಿನಕ್ಕೆ ಫೈಲ್ ಬಂತು. ಮೈಸೂರು ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹಚ್ಚಿದೆ. ಮೊದಲ ಹಾಡಿನಲ್ಲೇ ಏನೋ ನಡುಗುತ್ತಿದೆ. ನನ್ನ ದನಿ, ತಂಬೂರಿ, ಎರಡರ ನಡುವೆ ಒಂದು ಅಲೆ, ವ-ವ-ವ-ವ ಅಂತ. ಹೆಡ್‌ಫೋನ್ ಸಡಿಲ ಅಂದುಕೊಂಡೆ. ಮಂಡ್ಯ ದಾಟುವ ಹೊತ್ತಿಗೆ ಹೊಳೆಯಿತು. ಫೋನ್ ಮಾಡಿದೆ.

"ಮೇಡಂ, ನಿಮ್ಮ ವೋಕಲ್ ಪೂರ್ತಿ ಫ್ಲ್ಯಾಟ್ ಇತ್ತು. ಎಲ್ಲಾ ಸರಿ ಮಾಡಿದ್ದೀನಿ. ಹಿಂದೆ ಏನೋ ಎಸಿ ಸೌಂಡ್ ಬೇರೆ ಇತ್ತು, ಅದನ್ನೂ ಕ್ಲೀನ್ ಮಾಡಿದೆ."

ಪಿಚ್ ಸರಿಮಾಡುವ ಸಾಫ್ಟ್‌ವೇರ್ ಏನೂ ಹೇಳದಿದ್ದರೆ 440 ಅನ್ನೇ ಪ್ರಮಾಣ ಅಂದುಕೊಳ್ಳುತ್ತದೆ. ನನ್ನ ಷಡ್ಜವನ್ನು ಹಿಡಿದು 196ಕ್ಕೆ ಎತ್ತಿ ಕೂರಿಸಿತ್ತು. ಕೆಳಗೆ ಅಮ್ಮನ ಪೆಟ್ಟಿಗೆ 191.7ರಲ್ಲೇ ಇದೆ. ಎರಡರ ವ್ಯತ್ಯಾಸ ನಾಲ್ಕು ಚಿಲ್ಲರೆ, ಅದಕ್ಕೇ ಸೆಕೆಂಡಿಗೆ ನಾಲ್ಕು ನಡುಕ. ತಂಬೂರಿ ಶ್ರುತಿ ಮಾಡುವಾಗ ಇದೇ ಅಲೆಯನ್ನು ಕೇಳಿಸಿಕೊಳ್ಳೋಕೆ ಅಮ್ಮ ನನಗೆ ಏಳನೇ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದಳು. "ಅಲೆ ನಿಂತ್ರೆ ಶ್ರುತಿ ಸೇರಿದೆ ಅಂತ" ಅನ್ನುತ್ತಿದ್ದಳು. ರೈಲಿನಲ್ಲಿ ಆ ಮಾತು ನೆನಪಾಗಿ, ಸಿಟ್ಟೋ ಅಳುವೋ ತಿಳಿಯದೆ ಕಿಟಕಿ ಕಡೆ ತಿರುಗಿ ಕೂತೆ.

ಆ ಹುಡುಗನ ತಪ್ಪಿಲ್ಲ. ಮೊದಲೇ ಒಂದು ಮಾತು ಹೇಳಬೇಕಿತ್ತು. ಆದರೆ ಏನಂತ ಹೇಳೋದು? ಬಾಕಿ ದುಡ್ಡು ಕೊಟ್ಟು ಕೆಲಸ ವಾಪಸ್ ತಗೊಂಡೆ. ಎರಡು ತಿಂಗಳು ಕಿವಿಗೆ ವಿಶ್ರಾಂತಿ ಕೊಟ್ಟು ನಾನೇ ಮಿಕ್ಸ್ ಮಾಡಿದೆ.

ಬಿಡುಗಡೆಗೆ ಮುಂಚಿನ ಕೊನೆಯ ಹದ, ಮಾಸ್ಟರಿಂಗ್‌ನಲ್ಲಿ ಇನ್ನೊಂದು ತಮಾಷೆ. ಈಗಿನ ಪಾಪ್ ಹಾಡುಗಳ ಸದ್ದು ವಿಪರೀತ ಜೋರು. ಹಾಗೆ ಜೋರು ಮಾಡಬೇಕಾದರೆ ದೊಡ್ಡ ಸದ್ದನ್ನು ಒತ್ತಿಹಿಡಿದು ಸಣ್ಣ ಸದ್ದನ್ನು ಮೇಲೆತ್ತಬೇಕು. ಮೇಲೆತ್ತಿದಷ್ಟೂ ಕಾನ್ಸಂಟ್ರೇಟರ್ ಮುಂದೆ ಬರುತ್ತಿತ್ತು, ಕೊನೆಗೆ ಅದು ಹಾಡಿ ನಾನು ಹಿಂದೆ ಉಸಿರಾಡುವ ಹಾಗಾಯಿತು. ಸ್ಪಾಟಿಫೈನಂಥ ಕಡೆ ಹೇಗೂ ಎಲ್ಲ ಹಾಡನ್ನೂ ಸುಮಾರು ಮೈನಸ್ 14 ಲಫ್ಸ್‌ಗೆ (ಸದ್ದಿನ ಜೋರು ಅಳೆಯುವ ಮಾನ) ಸಮ ಮಾಡಿಯೇ ಕೇಳಿಸುವುದು. ಮತ್ಯಾಕೆ ಈ ಕೂಗಾಟ ಅಂತ ಅಲ್ಲಿಗೇ ನಿಲ್ಲಿಸಿದೆ.

ಬಿಡುಗಡೆಯ ಫಾರ್ಮ್ ತುಂಬುವಾಗ ದಿನಾಂಕ ಕೇಳಿತು. ಅಮ್ಮನ ತಿಥಿಗೆ ಬಿಡೋಣ ಅಂತ ಮೊದಲು ಆಸೆ ಇತ್ತು. ತಿಥಿ ಪ್ರತಿ ವರ್ಷ ಬೇರೆ ತಾರೀಕಿಗೆ ಬೀಳುತ್ತದೆ, ಆಲ್ಬಂಗಳು ಬರುವುದು ಶುಕ್ರವಾರ. 2015ರಿಂದ ಜಗತ್ತಿನ ಹೆಚ್ಚಿನ ಕಡೆ ಇದೇ ಪದ್ಧತಿ. ಅಪ್ಪ ಪಂಚಾಂಗ ತಿರುವಿ, "ಎರಡೂ ಕೂಡಲ್ಲ ಬಿಡು" ಅಂದರು. 2024ರ ನವೆಂಬರ್ 8, ಶುಕ್ರವಾರ ಅಂತ ಬರೆದೆ. ಕಲಾವಿದರ ಪಟ್ಟಿಯಲ್ಲಿ 'ತಂಬೂರಿ' ಅಂತ ಹಾಕಿ ಎದುರಿಗೆ ಅಮ್ಮನ ಹೆಸರು ಹಾಕಿದೆ. ಪ್ರತಿ ಹಾಡಿಗೆ ಹನ್ನೆರಡು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ, ಐಎಸ್‌ಆರ್‌ಸಿ, ಬಂತು. ಎಂಟು ಹಾಡು, 31 ನಿಮಿಷ.

ಬಂದ ಮೇಲೆ ಏನಾಯಿತು ಅಂದರೆ, ಜಾಸ್ತಿ ಏನಿಲ್ಲ. ಮೂರು ತಿಂಗಳಲ್ಲಿ ನಾಲ್ಕು ಸಾವಿರ ಚಿಲ್ಲರೆ ಸಲ ಕೇಳಿದ್ದಾರೆ. ಬಂದ ದುಡ್ಡಿಗೆ ಡಿಸ್ಟಿಲ್ಡ್ ವಾಟರ್ ಕೊಂಡರೆ ಎರಡು ಕ್ಯಾನ್ ಬಂದಾವು. ಅವನ ಮೆಸೇಜ್ ಒಂದು ಬಂತು: "ಕೇಳಿದೆ. ಎರಡನೇ ಹಾಡು ನಂದಾ?" ಅಲ್ಲ ಅಂತ ಬರೆದೆ. ಅದು ಅವನದೇ.

ಅಪ್ಪನಿಗೆ ಕೇಳಿಸಿದ್ದು ಒಂದು ವಾರ ತಡವಾಗಿ. ಹೆಡ್‌ಫೋನ್ ಅವರಿಗೆ ಆಗಲ್ಲ. ನಡುಮನೆಗೆ ಆ ಸ್ಪೀಕರ್ ಜೋಡಿಯನ್ನು ತಂದು ಟೀಪಾಯಿ ಮೇಲಿಟ್ಟೆ. ತಂಬೂರಿ ಶುರುವಾದಾಗ ದೇವರ ಕೋಣೆ ಕಡೆ ಒಮ್ಮೆ ನೋಡಿದರು, ಏನೂ ಅನ್ನಲಿಲ್ಲ. ಡ್ರಮ್ ಬಂದಾಗ ಬಲಗೈ ತೊಡೆ ಮೇಲೆ ತಾಳ ಹಾಕತೊಡಗಿತು. ಒಂದು ಘಾತ, ಬೆರಳೆಣಿಕೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ಮೂರನೇ ಹಾಡಿಗೆ ಯಂತ್ರದ ಟಕ್, ಶ್ಶ್ಶ್ ಬಂತು.

ಅಪ್ಪ ಎದ್ದು ನಿಂತರು. ಮಂಚ ಇದ್ದ ಮೂಲೆ ಕಡೆ ಎರಡು ಹೆಜ್ಜೆ ಹಾಕಿದರು. ಅಲ್ಲಿ ಈಗ ಇಸ್ತ್ರಿ ಬಟ್ಟೆ ಇಡುವ ಕುರ್ಚಿ ಇದೆ.

ನಾನು ಹಾಡು ನಿಲ್ಲಿಸಲು ಹೋದೆ. ಬೇಡ ಅಂತ ಕೈಸನ್ನೆ ಮಾಡಿ ವಾಪಸ್ ಬಂದು ಕೂತರು.

"ನೀರು ಖಾಲಿ ಆಯ್ತೇನೋ ಅಂದ್ಕೊಂಡೆ" ಅಂದರು. ತಾಳ ಎಲ್ಲಿಗೆ ಬಂದಿದೆ ಅಂತ ಒಂದು ಗಳಿಗೆ ಕೇಳಿಸಿಕೊಂಡು, ಆವರ್ತ ಶುರುವಾಗುವ ಸಮಕ್ಕೆ ಕಾದು, ಮತ್ತೆ ತೊಡೆ ತಟ್ಟಿದರು.